ಲಿವರ್‌ಪೂಲಿನ ವೆಲ್ಷ್ ಬೀದಿಗಳು: ವಲಸೆಗಾರರು ಕಟ್ಟಿದ ಸಾಲುಮನೆಗಳ ಕಥೆ

'ಟೆರೇಸು' ಎಂದರೆ ನಮ್ಮವರಿಗೆಲ್ಲ ಮನೆಯ ಮೇಲಣ ಬಯಲು. ಹಪ್ಪಳ ಸಂಡಿಗೆ ಒಣಗಿಸುವುದಕ್ಕೆ, ಬೇಸಿಗೆಯ ರಾತ್ರಿ ಚಾಪೆ ಹಾಸುವುದಕ್ಕೆ ಇರುವ ಜಾಗ. ಇಂಗ್ಲೆಂಡಿನಲ್ಲಿ ಈ ಶಬ್ದಕ್ಕೆ ಅರ್ಥವೇ ಬೇರೆ. ಒಂದರ ಪಕ್ಕಕ್ಕೊಂದು ಅಂಟಿಕೊಂಡು, ನಡುಗೋಡೆಯನ್ನು ಹಂಚಿಕೊಂಡು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ಮಾಡಿನ ಕೆಳಗೆ ನಿಂತ ಮನೆಗಳ ಸಾಲಿಗೆ ಅಲ್ಲಿ ಟೆರೇಸ್ ಎನ್ನುತ್ತಾರೆ. ನಾವು ಸಾಲುಮನೆ ಎನ್ನೋಣ. ಗೋಡೆಗೆ ಗೋಡೆ ಕೂಡಿದ ಮನೆಗಳು ನಮಗೇನೂ ಹೊಸತಲ್ಲ. ಮೈಸೂರು ಸೀಮೆಯ ಅಗ್ರಹಾರಗಳಲ್ಲಿ ಎದುರುಬದುರಾಗಿ ಇಂಥ ಸಾಲುಗಳೇ ಇದ್ದವು. ಬೆಂಗಳೂರಿನ ವಠಾರದಲ್ಲಿ ಬೆಳೆದು ಮುಂಬಯಿಯ ಚಾಳಿಗೆ ಬಂದವರು ನಮ್ಮ ಓದುಗರಲ್ಲಿ ಎಷ್ಟೋ ಮಂದಿ. ಆಚೆಮನೆಯ ಒಗ್ಗರಣೆಯ ಸದ್ದಿನಿಂದಲೇ ಇವೊತ್ತು ಅಲ್ಲಿ ಏನು ಸಾರು ಎಂದು ಹೇಳಬಲ್ಲವರಿಗೆ ನಡುಗೋಡೆಯ ಮಹಿಮೆಯನ್ನು ವಿವರಿಸಬೇಕಾಗಿಲ್ಲ.

ವಿಕ್ಟೋರಿಯಾ ರಾಣಿಯ ಆಳ್ವಿಕೆಯಲ್ಲಿ, ಅಂದರೆ ೧೮೩೭ರಿಂದ ೧೯೦೧ರವರೆಗೆ, ಇಂಗ್ಲೆಂಡಿನ ಕೈಗಾರಿಕಾ ನಗರಗಳಲ್ಲಿ ಕೆಲಸಗಾರರಿಗಾಗಿ ಇಂಥ ಇಟ್ಟಿಗೆಯ ಮನೆಗಳು ಲಕ್ಷಗಟ್ಟಲೆ ಎದ್ದವು. ಮ್ಯಾಂಚೆಸ್ಟರ್, ಲೀಡ್ಸ್, ಬರ್ಮಿಂಗ್‌ಹ್ಯಾಂ, ಎಲ್ಲಿ ನೋಡಿದರೂ ಅವೇ. ಅವುಗಳಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್ ಬಡಾವಣೆಯ 'ವೆಲ್ಷ್ ಬೀದಿಗಳು' ಎಂಬ ಒಂದು ಗುಂಪನ್ನು ನಾವು ಇಲ್ಲಿ ಆರಿಸಿಕೊಂಡಿದ್ದೇವೆ. ಕಾರಣ ಸರಳ. ಈ ಮನೆಗಳನ್ನು ಯೋಜಿಸಿದವರು, ಬಂಡವಾಳ ಹಾಕಿದವರು, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟವರು ಬಹುಮಟ್ಟಿಗೆ ಆ ಊರಿನವರಲ್ಲ. ನೆರೆಯ ವೇಲ್ಸ್ ಸೀಮೆಯಿಂದ ಹೊಟ್ಟೆಪಾಡಿಗೆ ಬಂದವರು. ಮನೆಯಲ್ಲಿ ಇಂಗ್ಲಿಷಲ್ಲದ ತಮ್ಮದೇ ವೆಲ್ಷ್ ಭಾಷೆ ಆಡುತ್ತಿದ್ದವರು. ಊರು ಬಿಟ್ಟು ಬೇರೆ ಭಾಷೆಯ ಮಹಾನಗರದಲ್ಲಿ ನೆಲೆ ನಿಂತ ನಮ್ಮಂಥವರಿಗೆ ಇವರ ಕಥೆ ಬೇಗ ಹಿಡಿಸುತ್ತದೆ.

ಲಿವರ್‌ಪೂಲಿಗೂ ಕನ್ನಡ ನಾಡಿಗೂ ಹಳೆಯ ನಂಟೊಂದಿದೆ, ಅದು ಹತ್ತಿಯದು. ಲ್ಯಾಂಕಷೈರಿನ ಗಿರಣಿಗಳಿಗೆ ಬೇಕಾದ ಹತ್ತಿ ಇಳಿಯುತ್ತಿದ್ದದ್ದು ಈ ಬಂದರಿನಲ್ಲಿ. ೧೮೬೧ರಿಂದ ೧೮೬೫ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ, ಇಂಡಿಯಾದ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. ಲಿವರ್‌ಪೂಲಿನ ಹತ್ತಿ ಪೇಟೆಯ ದರಪಟ್ಟಿಯಲ್ಲಿ 'ಧಾರವಾಡ' ಎಂದೊಂದು ಜಾತಿ, 'ಕುಮಟಾ' ಎಂದೊಂದು ಜಾತಿ ಕಾಣಿಸುತ್ತಿದ್ದವು. ಕುಮಟೆಯಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ. ಧಾರವಾಡ, ಬಿಜಾಪುರಗಳ ಅರಳೆ ಘಟ್ಟ ಇಳಿದು ಆ ರೇವಿನಿಂದ ಹಡಗೇರುತ್ತಿದ್ದುದರಿಂದ ಆ ಹೆಸರು. ಬಯಲುಸೀಮೆಯ ಎರೆಹೊಲದ ಅರಳೆಯನ್ನು ಹಡಗಿನಿಂದ ಇಳಿಸಿ, ಗಾಡಿಗೆ ಹೇರಿ, ಗೋದಾಮಿಗೆ ಒಯ್ದು ಲೆಕ್ಕ ಬರೆದ ಹಮಾಲರು, ಗಾಡಿಯವರು, ಗುಮಾಸ್ತರು ವಾಸಿಸುತ್ತಿದ್ದದ್ದು ಎಲ್ಲಿ? ಅದೇ ನಮ್ಮ ವಿಷಯ.

೧೮೦೧ರಲ್ಲಿ ಲಿವರ್‌ಪೂಲಿನ ಜನಸಂಖ್ಯೆ ಸುಮಾರು ೮೦ ಸಾವಿರ. ೧೮೫೧ರ ಹೊತ್ತಿಗೆ ಮೂರೂ ಮುಕ್ಕಾಲು ಲಕ್ಷ. ಇಷ್ಟು ಜನ ನುಗ್ಗಿ ಬಂದಾಗ ಮೊದಲು ಎದ್ದ ಮನೆಗಳು ಮನೆಗಳೆನ್ನುವಂಥವೇ ಅಲ್ಲ. ಬೀದಿಯ ಕಡೆಗೆ ಒಂದು ಸಾಲು. ಅದರ ನಡುವೆ ಸುರಂಗದಂಥ ಸಂದು. ಒಳಗೆ ಹೋದರೆ ಇಕ್ಕಟ್ಟಾದ ಅಂಗಳ. ಅಂಗಳದ ಎರಡೂ ಕಡೆ ಬೆನ್ನಿಗೆ ಬೆನ್ನು ಹಚ್ಚಿ ನಿಂತ ಮೂರಂತಸ್ತಿನ ಗೂಡುಗಳು. ಇದಕ್ಕೆ 'ಕೋರ್ಟು' ಎಂಬ ಗಂಭೀರ ಹೆಸರು! ಬೆನ್ನುಗೋಡೆಗೆ ಕಿಟಕಿ ಇಲ್ಲ, ಆದ್ದರಿಂದ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಗೆ ಹೋಗುವ ಮಾತೇ ಇಲ್ಲ. ಅಂಗಳದ ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದೋ ಎರಡೋ ಕಕ್ಕಸು, ಒಂದು ನಲ್ಲಿ. ಇದೂ ದೊರೆಯದವರು ನೆಲಮಾಳಿಗೆಗಳಲ್ಲಿ ಇರುತ್ತಿದ್ದರು. ಅಂಥವರು ಸಾವಿರಾರು ಮಂದಿ.

೧೮೪೨ರಲ್ಲಿ ಎಡ್ವಿನ್ ಚ್ಯಾಡ್ವಿಕ್ ಎಂಬ ಅಧಿಕಾರಿ ಕಾರ್ಮಿಕ ವರ್ಗದ ಆರೋಗ್ಯದ ಬಗ್ಗೆ ಒಂದು ವರದಿ ಸಲ್ಲಿಸಿದ. ಕಚೇರಿಯಲ್ಲಿ ವರದಿಗಳನ್ನು ಕಂಡು ಕಂಡು ಬೇಸತ್ತ ನಮ್ಮಂಥವರೂ ಎದ್ದು ಕೂತು ಓದಬೇಕಾದ ವರದಿ ಅದು. ಲಿವರ್‌ಪೂಲಿನಲ್ಲಿ ಸತ್ತವರ ಸರಾಸರಿ ವಯಸ್ಸನ್ನು ವರ್ಗವಾರು ಕೊಟ್ಟಿದ್ದಾನೆ: ಶ್ರೀಮಂತರದು ೩೫, ವ್ಯಾಪಾರಿಗಳದು ೨೨, ಕೂಲಿಕಾರರದು ೧೫. ಹದಿನೈದು! ಕೂಲಿಕಾರರೆಲ್ಲ ಹದಿನೈದಕ್ಕೇ ಸತ್ತರೆಂದಲ್ಲ. ಎಳೆಗೂಸುಗಳು ಅಷ್ಟು ಸಂಖ್ಯೆಯಲ್ಲಿ ತೀರಿಕೊಂಡದ್ದರಿಂದ ಸರಾಸರಿ ಪಾತಾಳಕ್ಕೆ ಇಳಿಯಿತು. ಮೂರು ವರ್ಷದ ಮೇಲೆ, ೧೮೪೫ರಲ್ಲಿ, ಮ್ಯಾಂಚೆಸ್ಟರಿನ ಕೆಲಸಗಾರರ ಬದುಕನ್ನು ಕುರಿತು ಫ್ರೆಡರಿಕ್ ಎಂಗೆಲ್ಸ್ ಜರ್ಮನ್ ಭಾಷೆಯಲ್ಲಿ ಪುಸ್ತಕ ಬರೆದ. ಅಲ್ಲಿಯ ಮನೆಗಳ ಹೊರಗೋಡೆಯೇ ಅರ್ಧ ಇಟ್ಟಿಗೆ ದಪ್ಪ, ಅಂದರೆ ಇಟ್ಟಿಗೆಯನ್ನು ಉದ್ದುದ್ದಕ್ಕೆ ಒಂದೇ ಸಾಲು ಇಟ್ಟು ಮುಗಿಸಿದ್ದು, ಎಂದು ಆತ ಲೆಕ್ಕ ಹಾಕಿ ತೋರಿಸಿದ. ನಾಲ್ಕೂವರೆ ಅಂಗುಲದ ಗೋಡೆ! ನಮ್ಮಲ್ಲಿ ಹಿತ್ತಲಿನ ಕಾಂಪೌಂಡಿಗೂ ಮೇಸ್ತ್ರಿ ಅದಕ್ಕಿಂತ ದಪ್ಪ ಕೇಳುತ್ತಾನೆ.

ಲಿವರ್‌ಪೂಲಿನ ಪೌರಸಭೆ ಕಣ್ಣು ತೆರೆಯಿತು. ೧೮೪೬ರಲ್ಲಿ ತನ್ನದೇ ಒಂದು ನೈರ್ಮಲ್ಯ ಕಾಯದೆಯನ್ನು ಪಾರ್ಲಿಮೆಂಟಿನಿಂದ ಮಾಡಿಸಿಕೊಂಡು, ೧೮೪೭ರಲ್ಲಿ ಡಾಕ್ಟರ್ ಡಂಕನ್ ಎಂಬಾತನನ್ನು ಆರೋಗ್ಯಾಧಿಕಾರಿಯಾಗಿ ನೇಮಿಸಿತು. ಆ ಹೆಸರಿನ ಹುದ್ದೆ ಬ್ರಿಟನ್ನಿನಲ್ಲಿ ಅದೇ ಮೊದಲು. ಆತನ ಗ್ರಹಚಾರ ನೋಡಿ, ಹುದ್ದೆಗೆ ಸೇರಿದ ವರ್ಷವೇ ಐರ್ಲೆಂಡಿನ ಕ್ಷಾಮದಿಂದ ಓಡಿಬಂದವರು ಸುಮಾರು ಮೂರು ಲಕ್ಷ ಮಂದಿ ಆ ಬಂದರಿನಲ್ಲಿ ಇಳಿದರು, ಬೆನ್ನಿಗೇ ವಿಷಮಜ್ವರ. ೧೮೬೯ರಲ್ಲಿ ನಗರಸಭೆಯೇ ಸ್ವತಃ ಕೆಲಸಗಾರರಿಗೆ ಮನೆ ಕಟ್ಟಿಸಿತು, ಅದೂ ಬ್ರಿಟನ್ನಿನಲ್ಲಿ ಮೊದಲನೆಯದು. 'ಸೇಂಟ್ ಮಾರ್ಟಿನ್ಸ್ ಕಾಟೇಜಸ್' ಎಂದು ಹೆಸರು. ನೋಡಿದರೆ ಹಲವು ಅಂತಸ್ತಿನ ಚಾಳಿನಂಥ ಕಟ್ಟಡ. ಕಾಟೇಜ್ ಎಂದರೆ ಹಳ್ಳಿಯ ಪುಟ್ಟ ಮನೆ, ಬಾಗಿಲಲ್ಲಿ ಗುಲಾಬಿ ಬಳ್ಳಿ ಎಂಬ ಕಲ್ಪನೆಯನ್ನು ಇಂಗ್ಲಿಷರು ಎಂದೂ ಬಿಟ್ಟವರಲ್ಲ. ಕಟ್ಟಡ ಎಂಥದೇ ಇರಲಿ, ಹೆಸರು ಮಾತ್ರ ಕಾಟೇಜೇ.

ಆದರೆ ನಗರಸಭೆ ಕಟ್ಟಿದ್ದು ಬೆರಳೆಣಿಕೆಯಷ್ಟು. ಮಿಕ್ಕದ್ದೆಲ್ಲ ಖಾಸಗಿ ಮೇಸ್ತ್ರಿಗಳು ಬಾಡಿಗೆಯ ಆಸೆಗೆ ಕಟ್ಟಿದ್ದು. ಅವರಿಗೆ ಕಾಲವೂ ಅನುಕೂಲವಾಯಿತು. ೧೭೮೪ರಿಂದ ಇಟ್ಟಿಗೆಗೆ ತೆರಿಗೆ ಇತ್ತು, ೧೮೫೦ರಲ್ಲಿ ತೆಗೆದರು. ಗಾಜಿನ ತೆರಿಗೆ ೧೮೪೫ರಲ್ಲೂ ಕಿಟಕಿಯ ತೆರಿಗೆ ೧೮೫೧ರಲ್ಲೂ ಹೋದವು. ಕಿಟಕಿಗೂ ತೆರಿಗೆಯೇ ಎಂದು ನಗಬೇಡಿ. ಸರ್ಕಾರದ ಬುದ್ಧಿ ಎಲ್ಲ ಕಾಲದಲ್ಲೂ ಒಂದೇ. ಗಾಳಿ ಬೆಳಕಿಗೆ ದಂಡ ಹಾಕುವುದನ್ನು ಆರು ವರ್ಷಗಳ ಒಳಗೆ ನಿಲ್ಲಿಸಿದರು ಎನ್ನುವುದು ಮುಖ್ಯ. ಮುಂದೆ ೧೮೭೫ರ ಸಾರ್ವಜನಿಕ ಆರೋಗ್ಯ ಕಾಯದೆ ಬಂತು. ೧೮೭೭ರಲ್ಲಿ ಕೇಂದ್ರ ಸರ್ಕಾರ ಮಾದರಿ ಉಪನಿಯಮಗಳನ್ನು ಅಚ್ಚುಹಾಕಿಸಿ ಊರೂರಿಗೆ ಕಳಿಸಿತು. ಹೊಸ ಬೀದಿ ೩೬ ಅಡಿ ಅಗಲ ಇರಬೇಕು. ಪ್ರತಿ ಮನೆಗೂ ತನ್ನದೇ ಆದ ಬಯಲು ಕಡೇಪಕ್ಷ ೧೫೦ ಚದರ ಅಡಿ ಬೇಕು. ಈ ೧೫೦ ಎಂಬ ಅಂಕಿಯನ್ನು ಮುಂಬಯಿಯಲ್ಲಿ ಕೂತು ಓದುವಾಗ ಮನಸ್ಸು ಸುಮ್ಮನಿರುವುದಿಲ್ಲ. ೧೯೨೦ರ ದಶಕದಲ್ಲಿ ಅದೇ ಬ್ರಿಟಿಷ್ ಸರ್ಕಾರ ವರಳಿ, ನಾಯಗಾಂವ್, ಶಿವಡಿ ಮೊದಲಾದ ಕಡೆ ಕಟ್ಟಿಸಿದ ಬಿ.ಡಿ.ಡಿ. ಚಾಳುಗಳಲ್ಲಿ ಒಂದು ಸಂಸಾರಕ್ಕೆ ಕೊಟ್ಟ ಇಡೀ ಕೋಣೆಯೇ ಸುಮಾರು ೧೬೦ ಚದರ ಅಡಿ. ಅಲ್ಲಿ ಹಿತ್ತಲಿಗೆ ಬಿಟ್ಟಷ್ಟು ಜಾಗದಲ್ಲಿ ಇಲ್ಲಿ ಮನೆಯೇ ಮುಗಿಯಿತು.

ಇನ್ನು ವೆಲ್ಷ್ ಜನರ ಮಾತು. ವೇಲ್ಸಿನ ಉತ್ತರ ಭಾಗ ಗುಡ್ಡಗಾಡು. ಕುರಿ, ಕಲ್ಲು, ಮಳೆ ಬಿಟ್ಟರೆ ಬೇರೆ ಸಂಪತ್ತು ಕಡಿಮೆ. ಅಲ್ಲಿನವರಿಗೆ ಹತ್ತಿರದ ದೊಡ್ಡ ಪಟ್ಟಣ ತಮ್ಮ ದೇಶದ್ದಲ್ಲ, ಲಿವರ್‌ಪೂಲ್. ಉತ್ತರ ವೇಲ್ಸಿನ ರಾಜಧಾನಿ ಎಂದೇ ಅದಕ್ಕೆ ಅಡ್ಡಹೆಸರು ಬಿತ್ತು. ಬಂದವರಲ್ಲಿ ಬಡಗಿಗಳು, ಕಲ್ಲುಕುಟಿಗರು, ಗಾರೆಯವರು ಹೆಚ್ಚು. ಒಬ್ಬ ಬಂದು ಕೆಲಸ ಹಿಡಿದು ತಮ್ಮನನ್ನು ಕರೆಸಿಕೊಂಡ, ತಮ್ಮ ಭಾವನನ್ನು ಕರೆಸಿಕೊಂಡ, ಭಾವ ಊರ ಹುಡುಗರನ್ನು ಕರೆಸಿದ. ದಕ್ಷಿಣ ಕನ್ನಡದಿಂದ ಮುಂಬಯಿಯ ಹೋಟೆಲುಗಳಿಗೆ ಹುಡುಗರು ಬಂದದ್ದೂ ಇದೇ ಸರಪಣಿ ಹಿಡಿದಲ್ಲವೆ? ಕ್ರಮೇಣ ಲಿವರ್‌ಪೂಲಿನ ಮನೆ ಕಟ್ಟುವ ಕಸುಬು ಬಹುಪಾಲು ಅವರ ಕೈಗೇ ಬಂತು. ಮರದ ವ್ಯಾಪಾರಿ ವೆಲ್ಷ್, ಕಲ್ಲುಹಲಗೆಯ ವ್ಯಾಪಾರಿ ವೆಲ್ಷ್, ಮೇಸ್ತ್ರಿ ವೆಲ್ಷ್. ಸಾಲ ಕೊಡುವವನೂ ಭಾನುವಾರ ಅದೇ ಚಾಪೆಲಿನಲ್ಲಿ ಪಕ್ಕದ ಬೆಂಚಿನವನು.

ಟಾಕ್ಸ್‌ಟೆತ್ ಸೆಫ್ಟನ್ ಅರ್ಲನ ಜಮೀನು. ಅಲ್ಲಿ ಪ್ರಿನ್ಸಸ್ ರಸ್ತೆಯ ಪಕ್ಕದ ಹೊಲಗಳಲ್ಲಿ ಬೀದಿಗಳನ್ನು ಎಳೆದವನು ರಿಚರ್ಡ್ ಓವೆನ್ಸ್ ಎಂಬ ವಾಸ್ತುಶಿಲ್ಪಿ. ೧೮೩೧ರಲ್ಲಿ ವೇಲ್ಸಿನ ಪುಲ್ಹೇಲಿ ಊರಿನ ಸಮೀಪ ಹುಟ್ಟಿದವನು, ೧೮೯೧ರಲ್ಲಿ ತೀರಿಕೊಂಡ. ವೆಲ್ಷ್ ಚಾಪೆಲುಗಳನ್ನು ಕಟ್ಟುವುದರಲ್ಲಿ ಹೆಸರಾದವನು; ಲಿವರ್‌ಪೂಲಿನಲ್ಲಿ ಸಾವಿರಾರು ಸಾಲುಮನೆಗಳಿಗೂ ಅವನೇ ನಕ್ಷೆಗಾರ. ಜೊತೆಗಿದ್ದವನು ಮರದ ವ್ಯಾಪಾರಿ ಡೇವಿಡ್ ರಾಬರ್ಟ್ಸ್. ೧೮೭೦ ಮತ್ತು ೧೮೮೦ರ ದಶಕಗಳಲ್ಲಿ ಬೀದಿಗಳು ಒಂದೊಂದಾಗಿ ತುಂಬಿದವು.

ಮನೆಯ ಅಂಗರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡೋಣ. ನಮಗೆ ಇದರಲ್ಲಿ ರುಚಿ ಹೆಚ್ಚು, ಓದುಗರು ಸಹಿಸಿಕೊಳ್ಳಬೇಕು. ಇಂಥ ಮನೆಯ ಮುಖ ಸಾಮಾನ್ಯವಾಗಿ ಹದಿಮೂರರಿಂದ ಹದಿನೈದು ಅಡಿ ಅಗಲ. ಕೆಳಗೆ ಮುಂದೊಂದು ಕೋಣೆ, ಹಿಂದೊಂದು ಕೋಣೆ, ಮೇಲೂ ಹಾಗೆಯೇ. ಹಿಂದಕ್ಕೆ ಚಾಚಿದ ಒಂದು ಗಿಡ್ಡ ಮಾಡಿನ ಕೆಳಗೆ ಪಾತ್ರೆ ಬಟ್ಟೆ ತೊಳೆಯುವ ಬಚ್ಚಲು, ಅದರ ಮೂಲೆಯಲ್ಲಿ ಗಾರೆಯಲ್ಲಿ ಕೂರಿಸಿದ ತಾಮ್ರದ ಹಂಡೆ. ನಮ್ಮ ಬಚ್ಚಲ ಹಂಡೆಯ ಅಣ್ಣತಮ್ಮನೇ; ಆದರೆ ಅದರಲ್ಲಿ ಕುದಿಯುತ್ತಿದ್ದದ್ದು ಸೋಮವಾರದ ಬಟ್ಟೆ. ಆಚೆಗೆ ಗೋಡೆ ಸುತ್ತಿದ ಪುಟ್ಟ ಹಿತ್ತಲು, ಕೊನೆಗೆ ಕಕ್ಕಸು ಮತ್ತು ಇದ್ದಿಲ ಗೂಡು, ಅದರಾಚೆ ಕಸ ತೆಗೆಯುವವರು ಓಡಾಡುವ ಹಿಂಬದಿಯ ಸಂದಿ. ಮುಂದಿನ ಕೋಣೆಯನ್ನು ಎಷ್ಟೇ ಜನರಿದ್ದರೂ ಖಾಲಿ ಇಟ್ಟು, ಒಳ್ಳೆಯ ಕುರ್ಚಿ, ಪಿಂಗಾಣಿ ಬೊಂಬೆಗಳನ್ನು ಇಟ್ಟು, ಭಾನುವಾರಕ್ಕೂ ಹೆಣ ಮಲಗಿಸುವುದಕ್ಕೂ ಮಾತ್ರ ಬಳಸುವುದು ಆ ಜನರ ಪದ್ಧತಿ. ಸಂಸಾರವೆಲ್ಲ ಹಿಂದಿನ ಕೋಣೆಯಲ್ಲಿ, ಕಬ್ಬಿಣದ ಒಲೆಯ ಸುತ್ತ.

ಸಾಲಾಗಿ ಕಟ್ಟುವುದರ ಲಾಭ ಗಣಿತದಲ್ಲಿದೆ. ಬಿಡಿಬಿಡಿಯಾಗಿ ಇಪ್ಪತ್ತು ಮನೆ ಕಟ್ಟಿದರೆ ಪಕ್ಕದ ಗೋಡೆಗಳು ನಲವತ್ತು ಬೇಕು. ಸಾಲಾಗಿ ಕಟ್ಟಿದರೆ ಇಪ್ಪತ್ತೊಂದು ಸಾಕು. ಹೊಗೆಗೂಡುಗಳು ಆ ನಡುಗೋಡೆಯೊಳಗೇ ಏರುತ್ತವೆ. ಎರಡು ಮನೆಗಳ ಒಲೆಗಳು ಒಂದೇ ಗೂಡನ್ನು ಹಂಚಿಕೊಂಡು ಮೇಲೆ ಸಾಲು ಸಾಲು ಮಣ್ಣಿನ ಕೊಳವೆಗಳಾಗಿ ತಲೆ ಎತ್ತುತ್ತವೆ. ಪಕ್ಕದವನ ಒಲೆಯ ಶಾಖ ನಿಮ್ಮ ಗೋಡೆಗೂ ಬರುತ್ತದೆ. ಆದ್ದರಿಂದ ಸಾಲಿನ ಕೊನೆಯ ಮನೆಗೆ ಒಂದು ಪಕ್ಕ ಎಂದೂ ಚಳಿ. ಭೌತಶಾಸ್ತ್ರ ಓದಿದ್ದಕ್ಕೆ ಕಚೇರಿಯಲ್ಲಿ ಪ್ರಯೋಜನ ಕಾಣದಿದ್ದರೂ ಇಂಥ ಕಡೆ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ಹೊರಗೋಡೆ ಒಂದು ಇಟ್ಟಿಗೆ ದಪ್ಪ, ಅಂದರೆ ಒಂಬತ್ತು ಅಂಗುಲ. ಎಂಗೆಲ್ಸ್ ಕಂಡದ್ದಕ್ಕೆ ಸರಿಯಾಗಿ ಎರಡರಷ್ಟು. ಇಟ್ಟಿಗೆಯನ್ನು ಉದ್ದಕ್ಕೆ ಇಟ್ಟ ಮೂರೋ ಐದೋ ವರಸೆಗಳಾದ ಮೇಲೆ ಒಂದು ವರಸೆಯನ್ನು ಅಡ್ಡಡ್ಡ ಇಟ್ಟು ಗೋಡೆಯ ಒಳಮೈ ಹೊರಮೈಗಳನ್ನು ಬಂಧಿಸುವುದು ಉತ್ತರ ಇಂಗ್ಲೆಂಡಿನಲ್ಲಿ ಬಹಳ ಬಳಕೆಯಲ್ಲಿದ್ದ ಕಟ್ಟು. ಇಟ್ಟಿಗೆಯೂ ಉಳಿತಾಯ, ಕೆಲಸವೂ ಬೇಗ. ಬೀದಿಯ ಕಡೆಗೆ ನುಣುಪಾದ ಒಳ್ಳೆಯ ಇಟ್ಟಿಗೆ, ಹಿತ್ತಲ ಕಡೆಗೆ ಒರಟು ಇಟ್ಟಿಗೆ. ಈ ಜಾಣತನ ನಮಗೆ ಅಪರಿಚಿತವಲ್ಲ. ಬಾಗಿಲ ಮೇಲೆ, ಕಿಟಕಿಯ ಮೇಲೆ ಬೇರೆ ಬಣ್ಣದ ಇಟ್ಟಿಗೆಯ ಕಮಾನು, ಸೂರಿನ ಕೆಳಗೆ ಇಟ್ಟಿಗೆಯನ್ನೇ ಹೊರಚಾಚಿ ಮಾಡಿದ ಹಲ್ಲಿನ ಸಾಲು. ಬಡವರ ಮನೆಗೂ ಒಂದಿಷ್ಟು ಅಂಚು ಇರಲಿ ಎಂಬಂತೆ, ಸೀರೆಯಲ್ಲಿ ಇರುವ ಹಾಗೆ. ಸ್ವಲ್ಪ ಹೆಚ್ಚು ಬಾಡಿಗೆ ಕೊಡಬಲ್ಲವರ ಮನೆಗೆ ಮುಂದಕ್ಕೆ ಉಬ್ಬಿದ ಕಿಟಕಿ. ಕಡಿಮೆಯವರಿಗೆ ಚಪ್ಪಟೆ ಗೋಡೆ, ಬಾಗಿಲು ತೆರೆದರೆ ನೇರ ಬೀದಿ. ಸರ್ಕಾರಿ ಕ್ವಾರ್ಟರ್ಸಿನ ಒಂದನೇ ಟೈಪು, ಎರಡನೇ ಟೈಪುಗಳನ್ನು ಬಲ್ಲವರಿಗೆ ಈ ಮರ್ಮ ಸಲೀಸಾಗಿ ತಿಳಿಯುತ್ತದೆ.

ಮಾಡಿಗೆ ಹೊದಿಸಿದ್ದು ವೇಲ್ಸಿನ ಕಲ್ಲುಹಲಗೆ, ಅಂದರೆ ನಾವು ಚಿಕ್ಕಂದಿನಲ್ಲಿ ಬಳಪ ಹಿಡಿದು ತಿದ್ದಿದ ಸ್ಲೇಟು ಯಾವ ಕಲ್ಲೋ ಅದೇ ಕಲ್ಲು. ಬೆತೆಸ್ಡಾ ಊರಿನ ಪೆನ್ರಿನ್ ಗಣಿಯಂಥ ಕಡೆ ಬೆಟ್ಟವನ್ನೇ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ಉಳಿಯಿಂದ ಪದರ ಪದರ ಬಿಡಿಸಿ ಹಡಗಿನಲ್ಲಿ ಕಳಿಸುತ್ತಿದ್ದರು. ತೆಳು, ಹಗುರ, ನೀರು ಹೀರುವುದಿಲ್ಲ. ಆದ್ದರಿಂದ ಮಾಡಿನ ಇಳುಕಲನ್ನೂ ತಗ್ಗಿಸಬಹುದು, ಕೆಳಗಿನ ತೊಲೆ ಜಂತಿಗಳನ್ನೂ ಸಣ್ಣದು ಮಾಡಬಹುದು. ಅಳತೆಗೆ ತಕ್ಕಂತೆ ಈ ಹಲಗೆಗಳಿಗೆ ಡಚೆಸ್, ಕೌಂಟೆಸ್, ಲೇಡಿ ಎಂದು ಶ್ರೀಮಂತ ಹೆಂಗಸರ ಬಿರುದುಗಳನ್ನು ಇಟ್ಟಿದ್ದರು. ಇಪ್ಪತ್ತನಾಲ್ಕು ಅಂಗುಲದ್ದು ಡಚೆಸ್, ಇಪ್ಪತ್ತರದ್ದು ಕೌಂಟೆಸ್, ಹದಿನಾರರದ್ದು ಲೇಡಿ. ಹಮಾಲನ ತಲೆಯ ಮೇಲೆ ದಿನವೂ ಇಷ್ಟು ಮಂದಿ ದೊರೆಸಾನಿಯರು ಮಲಗಿರುತ್ತಿದ್ದರು! ಗಣಿಯ ಕೆಲಸ ಮಾತ್ರ ಬಿರುದಿನಂತೆ ಸುಖದ್ದಲ್ಲ; ಪೆನ್ರಿನ್ ಗಣಿಯ ಕೆಲಸಗಾರರು ೧೯೦೦ರಿಂದ ೧೯೦೩ರವರೆಗೆ ಮೂರು ವರ್ಷ ಮುಷ್ಕರ ಹೂಡಿ ಸೋತರು. ಲಿವರ್‌ಪೂಲಿಗೆ ವೇಲ್ಸಿನ ಸ್ಲೇಟು ಹೇಗೋ ಮುಂಬಯಿಗೆ ಮಂಗಳೂರು ಹೆಂಚು ಹಾಗೆ. ೧೮೬೫ರಲ್ಲಿ ಬಾಸೆಲ್ ಮಿಷನ್ನಿನವರು ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಮುಂಬಯಿಯ ಎಷ್ಟೋ ಚಾಳುಗಳ ತಲೆಯ ಮೇಲೆ ನಮ್ಮ ಕರಾವಳಿಯ ಜೇಡಿಮಣ್ಣೇ ಕೂತಿತು. ವಲಸೆ ಹೋದವರು ಬರಿಗೈಲಿ ಹೋಗುವುದಿಲ್ಲ; ಅವರ ಊರಿನ ಮಣ್ಣೋ ಕಲ್ಲೋ ಹಿಂದೆಯೇ ಬರುತ್ತದೆ.

ಬೀದಿಗಳ ಹೆಸರುಗಳನ್ನು ನೋಡಿ: ವೋಲಸ್, ರಿವ್ಲಾಸ್, ಮ್ಯಾಡ್ರಿನ್, ಕಿನ್ಮೆಲ್, ಗ್ವಿದಿರ್, ಪೊವಿಸ್, ಪೆಂಗ್ವೆರ್ನ್, ಟ್ರೆಬೋರ್ತ್. ಎಲ್ಲವೂ ವೇಲ್ಸಿನವೇ. ಇವು ಗಣಿಯವರ ಹಳ್ಳಿಗಳ ಹೆಸರು ಎಂದು ಯಾರಾದರೂ ಎಣಿಸಿದರೆ ಆಶ್ಚರ್ಯವಿಲ್ಲ. ಆದರೆ ಬಹುಮಟ್ಟಿಗೆ ಇವು ಜಮೀನ್ದಾರರ ಬಂಗಲೆಗಳ, ಎಸ್ಟೇಟುಗಳ ಹೆಸರು. ಅದರಲ್ಲೂ ರಿವ್ಲಾಸ್! ೧೮೫೯ರ ಚುನಾವಣೆಯಲ್ಲಿ ಒಡೆಯನ ಇಚ್ಛೆಯಂತೆ ಮತ ಹಾಕಲಿಲ್ಲವೆಂದು ಆ ಎಸ್ಟೇಟಿನವರು ಕೆಲವು ಗೇಣಿದಾರರನ್ನು ಹೊರಹಾಕಿದ್ದರು. ಆಗ ಮತದಾನ ಗುಟ್ಟಾಗಿ ನಡೆಯುತ್ತಿರಲಿಲ್ಲ. ಎದ್ದು ನಿಂತು ಹೇಳಬೇಕಿತ್ತು. ಹಾಗೆ ಹೊರಬಿದ್ದವರಲ್ಲಿ ಮೈಕೆಲ್ ಜೋನ್ಸ್ ಎಂಬ ಪಾದ್ರಿಯ ತಾಯಿಯೂ ಒಬ್ಬಳು. ಈತನೇ ಮುಂದೆ, ವೆಲ್ಷ್ ಭಾಷೆ ಉಳಿಯಬೇಕಾದರೆ ಇಂಗ್ಲಿಷರ ನೆರಳು ಬೀಳದ ದೇಶ ಬೇಕು ಎಂದು ದಕ್ಷಿಣ ಅಮೆರಿಕದ ಪಟಗೋನಿಯಕ್ಕೆ ಜನ ಕಳಿಸಿದ. ೧೮೬೫ರಲ್ಲಿ 'ಮಿಮೋಸಾ' ಹಡಗು ಸುಮಾರು ನೂರೈವತ್ತು ಮಂದಿಯನ್ನು ಹೊತ್ತು ಹೊರಟದ್ದು ಇದೇ ಲಿವರ್‌ಪೂಲಿನಿಂದ. ಅವರು ಇಳಿದ ಕಡಲತಡಿಗೆ ಪುಯೆರ್ತೊ ಮ್ಯಾಡ್ರಿನ್ ಎಂಬ ಹೆಸರು ಬಂತು. ಲಿವರ್‌ಪೂಲಿನ ಮ್ಯಾಡ್ರಿನ್ ಬೀದಿ, ಅರ್ಜೆಂಟೀನದ ಆ ಬಂದರು, ಎರಡಕ್ಕೂ ವೇಲ್ಸಿನ ಒಂದೇ ಬಂಗಲೆಯ ಹೆಸರು. ಬಾಡಿಗೆ ಮನೆಗೆ ಜಮೀನ್ದಾರನ ಬಂಗಲೆಯ ಹೆಸರಿಟ್ಟದ್ದು ಭಕ್ತಿಯೋ ವ್ಯಂಗ್ಯವೋ ಎಂದು ಕೇಳಿದರೆ, ಮೇಸ್ತ್ರಿಯ ವ್ಯಾಪಾರ ಎನ್ನುವುದೇ ನಮ್ಮ ಉತ್ತರ. ಹೆಸರು ಘನವಾದರೆ ಬಾಡಿಗೆಯೂ ಘನ. ಮುಂಬಯಿಯ ಬಿಲ್ಡರುಗಳ ಕಟ್ಟಡಗಳ ಹೆಸರು ಓದಿದವರಿಗೆ ಸಂಶಯ ಉಳಿಯದು.

ಇದಕ್ಕಿಂತ ಸೊಗಸಾದ ಸಂಗತಿ ನಗರದ ಇನ್ನೊಂದು ಮೂಲೆ ವಾಲ್ಟನ್ನಿನಲ್ಲಿದೆ, ಎವರ್ಟನ್ ತಂಡ ಬಹುಕಾಲ ಫುಟ್‌ಬಾಲ್ ಆಡಿದ ಗುಡಿಸನ್ ಪಾರ್ಕಿನ ಪಕ್ಕದಲ್ಲಿ. ಓವೆನ್ ಇಲಾಯಸ್ ಎಂಬ ವೆಲ್ಷ್ ಮೇಸ್ತ್ರಿ, ಅವನ ಮಗ ವಿಲಿಯಂ ಸೇರಿ ಅಲ್ಲಿ ಬೀದಿಗಳನ್ನು ಕಟ್ಟಿದರು. ಆಕ್ಸ್‌ಟನ್, ವಿನ್ಸ್‌ಲೋ, ಈಟನ್, ನೆಸ್ಟನ್ ಎಂದು ಸಾಲಾಗಿ ಹೋಗುವ ಇಪ್ಪತ್ತಮೂರು ಬೀದಿಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಜೋಡಿಸಿದರೆ 'ಓವೆನ್ ಅಂಡ್ ವಿಲಿಯಂ ಓವೆನ್ ಇಲಾಯಸ್' ಎಂದಾಗುತ್ತದೆ. ಅಪ್ಪ ಮಗ ಇಬ್ಬರೂ ತಮ್ಮ ರುಜುವನ್ನು ನಗರದ ನಕ್ಷೆಯ ಮೇಲೇ ಹಾಕಿಬಿಟ್ಟರು. ಅದಕ್ಕೆ ಯಾವ ಅಧಿಕಾರಿಯ ಮೇಲುರುಜುವೂ ಬೇಕಾಗಲಿಲ್ಲ.

ದುಡಿದವರು ದೇವರನ್ನೂ ಭಾಷೆಯನ್ನೂ ಮರೆಯಲಿಲ್ಲ. ಪ್ರಿನ್ಸಸ್ ರಸ್ತೆಯಲ್ಲಿ ೧೮೬೫ರಿಂದ ೧೮೬೮ರ ಒಳಗೆ ವೆಲ್ಷ್ ಪ್ರೆಸ್ಬಿಟೀರಿಯನ್ ಚಾಪೆಲ್ ಎದ್ದಿತು. ಆಡ್ಸ್ಲಿ ಸೋದರರು ಅದರ ಶಿಲ್ಪಿಗಳು. ಶಿಖರ ೨೦೦ ಅಡಿ. ವೆಲ್ಷರ ಕೆಥೀಡ್ರಲ್ ಎಂದೇ ಜನ ಕರೆದರು. ಅದೇ ರಸ್ತೆಯಲ್ಲಿ ೧೮೭೦ರಲ್ಲಿ ಗ್ರೀಕರ ಚರ್ಚು, ೧೮೭೪ರಲ್ಲಿ ಯಹೂದಿಗಳ ಸಿನಗಾಗ್. ಹೊರಗಿನಿಂದ ಬಂದವರೆಲ್ಲ ಒಂದೇ ರಸ್ತೆಯಲ್ಲಿ ಪೈಪೋಟಿ ನಡೆಸಿದಂತಿದೆ. ಚಾಪೆಲ್ ಎಂದರೆ ಪ್ರಾರ್ಥನೆ ಮಾತ್ರವಲ್ಲ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೂ ದೊಡ್ಡವರಿಗೂ ವೆಲ್ಷ್ ಓದು, ವಾರದಲ್ಲಿ ಹಾಡಿನ ಅಭ್ಯಾಸ, ಹೊಸದಾಗಿ ಬಂದ ಹುಡುಗನಿಗೆ ಕೆಲಸ, ಹುಡುಗಿಗೆ ಸಂಬಂಧ, ಎಲ್ಲವೂ ಅಲ್ಲೇ. ನಮ್ಮ ಸಂಘಗಳು, ಫೋರ್ಟಿನ ಕನ್ನಡ ರಾತ್ರಿಶಾಲೆಗಳು ಮಾಡಿದ ಕೆಲಸವೇ. ವೆಲ್ಷರ ಸಾಹಿತ್ಯೋತ್ಸವವಾದ ರಾಷ್ಟ್ರೀಯ ಐಸ್ಟೆಡ್ವಡ್, ವೇಲ್ಸಿನ ಹೊರಗೆ ಲಿವರ್‌ಪೂಲಿನಲ್ಲೇ ೧೮೮೪, ೧೯೦೦ ಮತ್ತು ೧೯೨೯ರಲ್ಲಿ ನಡೆಯಿತು. ೧೯೧೭ರ ಉತ್ಸವ ನದಿಯಾಚೆಯ ಬರ್ಕನ್‌ಹೆಡ್ಡಿನಲ್ಲಿ. ಆ ಸಲ ಶ್ರೇಷ್ಠ ಕವಿಗೆ ಕೊಡುವ ಕುರ್ಚಿ ಯಾರಿಗೆಂದು ಕೂಗಿದಾಗ ಯಾರೂ ಎದ್ದುಬರಲಿಲ್ಲ. ಗೆದ್ದ ಕವಿ ಹೆದ್ ವಿನ್, ಕುರಿ ಕಾಯುವ ಮನೆತನದ ಹುಡುಗ, ಐದು ವಾರದ ಹಿಂದೆ ಜುಲೈ ೩೧ರಂದು ಬೆಲ್ಜಿಯಮ್ಮಿನ ರಣರಂಗದಲ್ಲಿ ಸತ್ತಿದ್ದ. ಕುರ್ಚಿಗೆ ಕರಿಬಟ್ಟೆ ಹೊದಿಸಿದರು. ಆ ಕುರ್ಚಿಯನ್ನು ಕೆತ್ತಿದ ಬಡಗಿಯೂ ಬೆಲ್ಜಿಯಮ್ಮಿನಿಂದಲೇ ಓಡಿಬಂದ ನಿರಾಶ್ರಿತ.

ಮೊಮ್ಮಕ್ಕಳ ಕಾಲಕ್ಕೆ ಮನೆಮಾತು ಇಂಗ್ಲಿಷಾಯಿತು. ಇದು ಹೇಗೆ ಆಗುತ್ತದೆ ಎಂಬುದನ್ನು ನಮ್ಮ ಓದುಗರಿಗೆ ನಾವು ಹೇಳುವುದು ಬೇಡ. ಎಲ್ಲರ ಮನೆಯಲ್ಲೂ ಒಂದೊಂದು ಪ್ರಯೋಗಶಾಲೆ ಇದೆ. ಸ್ಥಿತಿವಂತರಾದವರು ಊರಾಚೆಯ ಬಡಾವಣೆಗಳಿಗೆ ಹೋದರು. ಬೀದಿಗಳಿಗೆ ಬೇರೆ ಜನ ಬಂದರು. ೧೯೪೦ರ ಜುಲೈ ೭ರಂದು ಮ್ಯಾಡ್ರಿನ್ ಬೀದಿಯ ೯ನೇ ನಂಬರಿನಲ್ಲಿ ಹುಟ್ಟಿದ ರಿಚರ್ಡ್ ಸ್ಟಾರ್ಕಿ ಮುಂದೆ ರಿಂಗೊ ಸ್ಟಾರ್ ಎಂಬ ಹೆಸರಿನಿಂದ ಬೀಟಲ್ಸ್ ತಂಡದಲ್ಲಿ ಡ್ರಮ್ ಬಾರಿಸಿ ಲೋಕಪ್ರಸಿದ್ಧನಾದ.

ಈ ನಡುವೆ ಒಂದು ಘಟನೆಯನ್ನು ಬಿಡುವಂತಿಲ್ಲ. ಲಿವರ್‌ಪೂಲಿಗೆ ನೀರು ಸಾಲದೆಂದು ನಗರಸಭೆ ವೇಲ್ಸಿನ ಟ್ರಿವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟಲು ೧೯೫೭ರಲ್ಲಿ ಪಾರ್ಲಿಮೆಂಟಿನಿಂದ ಕಾಯದೆ ಮಾಡಿಸಿಕೊಂಡಿತು. ವೇಲ್ಸಿನ ೩೬ ಸದಸ್ಯರಲ್ಲಿ ಒಬ್ಬನೂ ಪರವಾಗಿ ಮತ ಹಾಕಲಿಲ್ಲ, ಆದರೂ ಕಾಯದೆಯಾಯಿತು. ಕಾಪೆಲ್ ಕೆಲಿನ್ ಎಂಬ, ವೆಲ್ಷ್ ಬಿಟ್ಟು ಬೇರೆ ಮಾತು ಕೇಳದ ಹಳ್ಳಿ, ಅದರ ಶಾಲೆ, ಅಂಚೆಕಚೇರಿ, ಚಾಪೆಲ್, ಸ್ಮಶಾನ ಸಹಿತ ೧೯೬೫ರಲ್ಲಿ ನೀರೊಳಗೆ ಹೋಯಿತು. ಅದಕ್ಕೂ ಮೊದಲು, ೧೯೫೬ರ ನವೆಂಬರಿನಲ್ಲಿ, ಹಳ್ಳಿಯವರು ಹಸುಗೂಸು ಮುದುಕರೆನ್ನದೆ ಲಿವರ್‌ಪೂಲಿನ ಬೀದಿಗಳಲ್ಲಿ ಮೆರವಣಿಗೆ ನಡೆದು ಬೇಡಿಕೊಂಡಿದ್ದರು. ತಮ್ಮ ಜನ ಕಟ್ಟಿದ ನಗರ ತಮ್ಮ ಮಾತು ಕೇಳೀತೆಂಬ ಆಸೆ ಅವರಿಗಿತ್ತೇನೋ! ಲಿಂಗನಮಕ್ಕಿಯ ಹಿನ್ನೀರಿನಲ್ಲಿ ಮನೆ ತೋಟ ಕಳೆದುಕೊಂಡವರು, ಆಲಮಟ್ಟಿಗಾಗಿ ಹಳೆಯ ಬಾಗಲಕೋಟೆಯನ್ನು ಬಿಟ್ಟವರು ಈ ಸಾಲುಗಳನ್ನು ಓದಿದರೆ ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡಾರು. ಲಿವರ್‌ಪೂಲ್ ನಗರಸಭೆ ಕ್ಷಮೆ ಕೇಳಿದ್ದು ೨೦೦೫ರಲ್ಲಿ.

ಬಂದರಿನ ವ್ಯಾಪಾರ ಇಳಿದಂತೆ ಟಾಕ್ಸ್‌ಟೆತ್ ಸೊರಗಿತು. ೧೯೮೧ರ ಜುಲೈನಲ್ಲಿ ಅಲ್ಲಿ ದೊಡ್ಡ ಗಲಭೆಗಳಾದವು. ೨೦೦೨ರಲ್ಲಿ ಸರ್ಕಾರ 'ಪಾತ್‌ಫೈಂಡರ್' ಎಂಬ ಯೋಜನೆ ತಂದು, ಉತ್ತರದ ನಗರಗಳಲ್ಲಿ ಹಳೆಯ ಸಾಲುಮನೆಗಳಿಗೆ ಗಿರಾಕಿ ಇಲ್ಲ, ಕೆಡವಿ ಹೊಸದು ಕಟ್ಟಬೇಕು ಎಂದಿತು. ವೆಲ್ಷ್ ಬೀದಿಗಳ ಸುಮಾರು ೪೦೦ ಮನೆಗಳು ಪಟ್ಟಿಗೆ ಸೇರಿದವು. ಜನರನ್ನು ಎಬ್ಬಿಸಿ, ಕಿಟಕಿ ಬಾಗಿಲುಗಳಿಗೆ ತಗಡು ಹೊಡೆದರು. ಹೋಗಲು ಒಪ್ಪಿದವರೂ ಇದ್ದರು, ಒಪ್ಪದವರೂ ಇದ್ದರು. ತೇವ ಹಿಡಿದ ಗೋಡೆಯ ನಡುವೆ ಬಾಳಿದವರಿಗೆ ಹೊಸ ಮನೆಯ ಆಸೆ ಇದ್ದರೆ ತಪ್ಪಲ್ಲ. ಯೋಜನೆ ೨೦೧೧ರಲ್ಲಿ ನಿಂತಿತು, ಕೆಡವುವ ಹಟ ನಿಲ್ಲಲಿಲ್ಲ. ಖಾಲಿ ಬೀದಿ ಹಳೆಯ ಕಾಲದಂತೆಯೇ ಇದ್ದುದರಿಂದ 'ಪೀಕಿ ಬ್ಲೈಂಡರ್ಸ್' ಎಂಬ ಟೆಲಿವಿಷನ್ ಧಾರಾವಾಹಿಯವರು ಪೊವಿಸ್ ಬೀದಿಗೆ ಬಂದು ಚಿತ್ರೀಕರಣ ಮಾಡಿಕೊಂಡು ಹೋದರು. ವಾಸಕ್ಕೆ ಯೋಗ್ಯವಲ್ಲದ್ದು ನಾಟಕಕ್ಕೆ ಯೋಗ್ಯವಾಯಿತು. ಹಳೆಯ ಕಟ್ಟಡಗಳ ರಕ್ಷಣೆಗೆ ಹೋರಾಡುವ ಸಂಸ್ಥೆಯೊಂದು ಪಟ್ಟು ಹಿಡಿಯಿತು, ೨೦೧೪ರಲ್ಲಿ ಸಾರ್ವಜನಿಕ ವಿಚಾರಣೆ ನಡೆಯಿತು, ೨೦೧೫ರ ಜನವರಿಯಲ್ಲಿ ಮಂತ್ರಿ ಎರಿಕ್ ಪಿಕಲ್ಸ್ ಕೆಡವುವ ಯೋಜನೆಗೆ ಅನುಮತಿ ನಿರಾಕರಿಸಿದ. ಅದೇ ವರ್ಷದ ಕೊನೆಗ, ಹತ್ತಿರದ ಗ್ರಾನ್ಬಿಯ ನಾಲ್ಕು ಬೀದಿಗಳಲ್ಲಿ ನಿವಾಸಿಗಳೇ ಟ್ರಸ್ಟು ಮಾಡಿಕೊಂಡು ಮನೆಗಳನ್ನು ಉಳಿಸಿಕೊಂಡ ಕೆಲಸಕ್ಕೆ, ಅವರೊಂದಿಗೆ ದುಡಿದ 'ಅಸೆಂಬಲ್' ಎಂಬ ತರುಣರ ತಂಡಕ್ಕೆ, ಕಲೆಯ ಟರ್ನರ್ ಬಹುಮಾನ ಬಂತು.

ವೋಲಸ್ ಬೀದಿಯ ಮನೆಗಳು ೨೦೧೭ರ ಹೊತ್ತಿಗೆ ದುರಸ್ತಿಯಾಗಿ ಬಾಡಿಗೆಗೆ ಹೋದವು. ಉಳಿದ ಬೀದಿಗಳು ಒಂದೊಂದಾಗಿ ಹಿಂಬಾಲಿಸಿದವು. ಇಂದಿನ ಸಂಸಾರಗಳಿಗೆ ಹದಿನೈದು ಅಡಿ ಇಕ್ಕಟ್ಟು ಎಂದು ಕೆಲವು ಕಡೆ ನಡುಗೋಡೆಯನ್ನು ಒಡೆದು ಎರಡು ಮನೆಗಳನ್ನು ಒಂದು ಮಾಡಿದ್ದಾರೆ. ಮೇಸ್ತ್ರಿ ಅಷ್ಟು ಲೆಕ್ಕ ಹಾಕಿ ಉಳಿಸಿದ ಇಪ್ಪತ್ತೊಂದು ಗೋಡೆಗಳಲ್ಲಿ ಮತ್ತೂ ಒಂದೆರಡು ಉಳಿತಾಯ! ಪ್ರಿನ್ಸಸ್ ರಸ್ತೆಯ ಚಾಪೆಲಿಗೆ ಆ ಯೋಗ ಬರಲಿಲ್ಲ. ೧೯೮೦ರ ದಶಕದಲ್ಲಿ ಪ್ರಾರ್ಥನೆ ನಿಂತು ಅದು ಪಾಳುಬಿದ್ದಿತು. ೯ನೇ ನಂಬರಿನ ಮನೆ ಉಳಿದಿದೆ, ಅದರ ಮಾಡಿನ ಹೊಗೆಗೊಳವೆಗಳೂ ಇವೆ.